ಈ ಸಲ ನನ್ನ ಜೋಳ ವಾಪಸ್ ಬರಲಿಲ್ಲ

ನಾಲ್ಕು ವರ್ಷದ ಹಿಂದೆ ಪಿರಿಯಾಪಟ್ಟಣದಿಂದ ಒಂದು ಲೋಡ್ ಮುಸುಕಿನ ಜೋಳವನ್ನು ಫೀಡ್ ಮಿಲ್ಲಿಗೆ ಕಳಿಸಿದ್ದೆ. ಸುಮಾರು 40 ಕ್ವಿಂಟಾಲ್. ಕಣ್ಣಿಗೆ ಚೆನ್ನಾಗೇ ಇತ್ತು. ಅಲ್ಲಿ ಟೆಸ್ಟ್ ಮಾಡಿ, ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ 20 ಪಿಪಿಬಿ (ನೂರು ಕೋಟಿ ಪಾಲಿಗೆ 20 ಪಾಲು) ದಾಟಿದೆ ಅಂತ ಲಾರಿಯನ್ನೇ ವಾಪಸ್ ಕಳಿಸಿದರು. ಎರಡೂ ಕಡೆಯ ಬಾಡಿಗೆ ನನ್ನ ತಲೆಗೆ. ಕೊನೆಗೆ ಒಬ್ಬ ದಲ್ಲಾಳಿ ಕ್ವಿಂಟಾಲಿಗೆ ಐನೂರು ಮುರಿದುಕೊಂಡು ಎತ್ತಿಕೊಂಡು ಹೋದ. ಅದು ಯಾರ ಹೊಟ್ಟೆಗೆ ಹೋಯಿತೋ ಅಂತ ಇವತ್ತಿಗೂ ಮನಸ್ಸು ಕೊರೆಯುತ್ತದೆ.

ನಮ್ಮ ಕಡೆ ಕಟಾವು ಬರುವುದೇ ಸೆಪ್ಟೆಂಬರ್ ಮಳೆಯಲ್ಲಿ. ಹಸಿ ಇದ್ದಾಗಲೇ ಕಾಳು ಬಿಡಿಸಿ, ರಾಶಿ ಹಾಕಿ, ರಾತ್ರಿ ಟಾರ್ಪಾಲ್ ಮುಚ್ಚುತ್ತಿದ್ದೆ. ಬೆಳಿಗ್ಗೆ ರಾಶಿಯೊಳಗೆ ಕೈಯಿಟ್ಟರೆ ಬೆಚ್ಚಗೆ. ಬೂಷ್ಟು ಹಿಡಿಯುವುದಕ್ಕೆ ಇನ್ನೇನು ಬೇಕು?

ಮಾರನೇ ವರ್ಷ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ ಒಣಗಿಸಿದೆ. ಎರಡೇ ದಿನಕ್ಕೆ ಒಣಗಿತು, ನಿಜ. ಆದರೆ ಬಿಸಿ ಜಾಸ್ತಿಯಾಗಿ ಕಾಳು ಸೀಳು ಬಿಟ್ಟಿತು, ಸೊಪ್ಪಿನ ವಾಸನೆಯೂ ಹತ್ತಿತು. ಸೀಳಿದ ಕಾಳಿಗೆ ಬೂಷ್ಟು ಬೇಗ ಇಳಿಯುತ್ತದೆ. ಸೌದೆ ದುಡ್ಡು ಐದಾರು ಸಾವಿರ ಹೋಯಿತು.

ಆಮೇಲೆ ಕಟ್ಟಿದ್ದು ಅಟ್ಟಣೆ. ಬಿದಿರು, ಅಡಿಕೆ ದಬ್ಬೆ, ಮೇಲೆ ಶೀಟು, ಕೂಲಿ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ. ಸೊಂಟದೆತ್ತರ. ಸಿಪ್ಪೆ ಸುಲಿದ ತೆನೆಯನ್ನೇ ಮೂರ್ನಾಲ್ಕು ತೆನೆ ದಪ್ಪಕ್ಕೆ ಹರಡುತ್ತೇನೆ. ಹುಳ ಕೊರೆದ ತೆನೆ ಮೇಲಕ್ಕೆ ಹತ್ತುವ ಹಾಗೇ ಇಲ್ಲ. "ಜೋಳಕ್ಕೂ ಮಂಚ ಮಾಡಿಸಿದ್ಯಾ ಅಣ್ಣ?" ಅಂತ ಕೇಳಿದವರಿದ್ದಾರೆ. ಹನ್ನೆರಡು ಹದಿಮೂರು ದಿನ ಗಾಳಿಗೆ ಬಿಟ್ಟು ಆಮೇಲೆ ಕಾಳು ಬಿಡಿಸುತ್ತೇನೆ.

ತೇವ ಅಳೆಯುವ ಮೀಟರ್ ಇಲ್ಲದಾಗ ಉಪ್ಪಿನ ಬಾಟಲಿ ಸಾಕು. ಹುರಿದು ಆರಿಸಿದ ಉಪ್ಪು, ಒಂದಷ್ಟು ಕಾಳು, ಒಣಗಿದ ಗಾಜಿನ ಬಾಟಲಿ. ಚೆನ್ನಾಗಿ ಅಲ್ಲಾಡಿಸಿ ಕಾಲು ಗಂಟೆ ಇಡಿ. ಗಾಜಿಗೆ ಉಪ್ಪು ಅಂಟಿದರೆ ತೇವ ಶೇಕಡಾ 15ಕ್ಕಿಂತ ಮೇಲಿದೆ. ಅಂಟದಿದ್ದರೂ ನಾನು ಇನ್ನೆರಡು ಬಿಸಿಲು ತೋರಿಸುತ್ತೇನೆ. ಆಮೇಲೆ ಮೀಟರ್ ಹಾಕಿಸಿದಾಗ ಹನ್ನೆರಡೂವರೆ ಬಂತು. ಕೊನೆಗೆ ಗಾಳಿಯಾಡದ ಚೀಲ. ಬಾಯಿ ಕಟ್ಟುವ ಮುಂಚೆ ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಆರುನೂರು ಕೊಟ್ಟು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ತಂದೆ. ಕಾಳು ಒಡೆದು ಕತ್ತಲಲ್ಲಿ ಹಿಡಿದರೆ ಕೆಲವು ಹಸಿರು ಹಳದಿಯಾಗಿ ಹೊಳೆಯುತ್ತವೆ. ಹೊಳೆದ ಕಾಳಿರುವ ಒಂದು ಚೀಲವನ್ನು ಟೆಸ್ಟಿಗೆ ಕೊಟ್ಟೆ, ವಿಷ ಹೆಚ್ಚೇನೂ ಇರಲಿಲ್ಲ. ಅದು ಬೂಷ್ಟಿನ ಸುಳಿವು ಕೊಡುತ್ತದೆ ಅಷ್ಟೇ, ವಿಷದ ಲೆಕ್ಕ ಕೊಡುವುದಿಲ್ಲ.

ಈ ವರ್ಷ ಎರಡು ಲೋಡ್ ಅದೇ ಮಿಲ್ಲಿಗೆ ಹೋಯಿತು. ಟೆಸ್ಟಿನಲ್ಲಿ ಒಂದಕ್ಕೆ 4, ಇನ್ನೊಂದಕ್ಕೆ 6 ಪಿಪಿಬಿ ಆಸುಪಾಸು ಬಂತು. ಪೂರ್ತಿ ರೇಟು ಸಿಕ್ಕಿತು. ಅಟ್ಟಣೆಯ ದುಡ್ಡು ಹುಟ್ಟಿ ಮೇಲೂ ಉಳಿಯಿತು.

ಜರಡಿಯಿಂದ ಇಳಿದ ನುಚ್ಚನ್ನು ಮಾತ್ರ ಹಸುವಿಗೆ ಹಾಕುವುದು ಬಿಟ್ಟಿದ್ದೇನೆ. ಒಡೆದ ಕಾಳಲ್ಲೇ ವಿಷ ಜಾಸ್ತಿ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ, ಹಾಲಿಗೂ ಇಳಿಯುತ್ತದೆ. ನಮ್ಮ ಮೊಮ್ಮಗಳು ಕುಡಿಯುವುದು ಅದೇ ಹಾಲು. ಈ ಸಲ ಮುಕ್ಕಾಲು ಕ್ವಿಂಟಾಲ್ ನುಚ್ಚನ್ನು ಗುಂಡಿ ತೋಡಿ ಮಣ್ಣು ಮುಚ್ಚಿದೆ.