ಬಿಚ್ಚಬಾರದು ಅಂದಿದ್ದ ಲಿಕ್ವಿಡ್ ಕೂಲರ್ ಬಿಚ್ಚಿ ಸರಿಮಾಡಿದ್ದು: ನನ್ನ ಅನುಭವ

ಕಂಪ್ಯೂಟರ್ ಪ್ರೊಸೆಸರ್ ತಣ್ಣಗಿಡುವ, ಪಂಪ್-ಪೈಪ್-ರೇಡಿಯೇಟರ್ ಎಲ್ಲ ಒಟ್ಟಿಗೆ ಸೀಲ್ ಆಗಿರುವ ಎಐಒ ಲಿಕ್ವಿಡ್ ಕೂಲರ್ ಬಿಚ್ಚಿ ತೊಳೆದು, ಮತ್ತೆ ನೀರು ತುಂಬಿ ಓಡಿಸಬಹುದಾ? ಓಡಿಸಬಹುದು. ವಿಜಯಪುರದ ಬಿಸಿಲಲ್ಲಿ, ಪತ್ರಾಸ್ ಹೊದಿಸಿದ ರೂಮಲ್ಲಿ ನನ್ನದು ಓಡುತ್ತಿದೆ. ಆಗಲ್ಲ ಅಂದವರೆಲ್ಲ ಬಂದು ನೋಡಿಕೊಂಡು ಹೋಗಿದ್ದಾರೆ.

ನನ್ನ ಸೆಟಪ್: ಇಂಟೆಲ್ ಐ7-12700ಕೆ ಪ್ರೊಸೆಸರ್, 240 ಎಂಎಂ ರೇಡಿಯೇಟರ್‌ನ ಎಐಒ. ಹಗಲು ಮದುವೆ ವಿಡಿಯೋ ಎಡಿಟಿಂಗ್, ರಾತ್ರಿ ಗೇಮ್. ಮೂರು ವರ್ಷ ತಕರಾರೇ ಇರಲಿಲ್ಲ. ವಾರಂಟಿ ಮುಗಿದ ಮೇಲೆ ಶುರುವಾಯ್ತು, ಅದೂ ಮಾಮೂಲೇ ಅಲ್ವಾ. ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟರೂ 60 ಡಿಗ್ರಿ. ಗೇಮ್ ಹಾಕಿದರೆ 97-98, ಆಮೇಲೆ ಥ್ರಾಟಲ್ ಆಗಿ (ಬಿಸಿ ತಡೆಯಲಾರದೆ ಪ್ರೊಸೆಸರ್ ತಾನೇ ಸ್ಪೀಡ್ ಇಳಿಸಿಕೊಂಡು) ಫ್ರೇಮ್ ಅರ್ಧಕ್ಕೆ ಇಳಿಯುತ್ತಿತ್ತು.

ಎಲ್ಲರ ಹಾಗೆ ಮೊದಲು ಪ್ರೊಸೆಸರ್-ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದೆ. ಆರು ನೂರು ರೂಪಾಯಿ ಹೋಯ್ತು, ಇಳಿದದ್ದು ಒಂದೆರಡು ಡಿಗ್ರಿ. ಸೋಲಾಪುರಕ್ಕೆ ಹೋಗುವ ಗೆಳೆಯನ ಕೈಲಿ ಎರಡು ಒಳ್ಳೆ ಫ್ಯಾನ್ ತರಿಸಿದೆ. ಸುಮಾರು ಎರಡೂವರೆ ಸಾವಿರ. ಸದ್ದು ಜಾಸ್ತಿಯಾಯ್ತು, ಬಿಸಿ ಅಷ್ಟೇ. ಅಂಗಡಿಯವರು ನೋಡಿ, "ಪಂಪ್ ಛಲೋ ತಿರಗಾಕತ್ತೈತ್ರಿ, ನಿಮ್ಮ ರೂಮೇ ಕಾವ ಐತಿ. 360 ಹಾಕ್ರಿ" ಅಂದರು. ಅಂದರೆ 360 ಎಂಎಂನ ದೊಡ್ಡ ಕೂಲರ್, ಇನ್ನೊಂದು ಹತ್ತು-ಹನ್ನೆರಡು ಸಾವಿರ.

ಪಂಪ್ ತಿರುಗುತ್ತಿದ್ದದ್ದು ನಿಜ. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) 2700ರ ಹತ್ತಿರ ಆರ್‌ಪಿಎಂ ತೋರಿಸುತ್ತಿತ್ತು. ಆದರೆ ಗೇಮ್ ನಡೆಯುವಾಗ ಎರಡೂ ಪೈಪ್ ಮುಟ್ಟಿ ನೋಡಿದೆ. ಒಂದು ಕೈ ಇಡಲಾರದಷ್ಟು ಬಿಸಿ, ಇನ್ನೊಂದು ತಣ್ಣಗೆ. ರೇಡಿಯೇಟರ್‌ನಿಂದ ಬರುವ ಗಾಳಿಯೂ ರೂಮಿನ ಗಾಳಿಯಷ್ಟೇ ಇತ್ತು. ನೀರು ಸರಿಯಾಗಿ ಹರಿಯುತ್ತಿದ್ದರೆ ಎರಡೂ ಪೈಪ್ ಹೆಚ್ಚೂಕಮ್ಮಿ ಒಂದೇ ಬಿಸಿ ಇರಬೇಕು. ರೂಮಿನ ತಪ್ಪಾಗಿದ್ದರೆ ಬಿಸಿ ಹದಿನೈದು-ಇಪ್ಪತ್ತು ನಿಮಿಷದಲ್ಲಿ ನಿಧಾನಕ್ಕೆ ಏರುತ್ತದೆ. ನನ್ನದು ಲೋಡ್ ಬಿದ್ದ ಕೂಡಲೇ ಜಿಗಿಯುತ್ತಿತ್ತು. ಪೇಸ್ಟ್ ಹೊಸದು, ಸ್ಕ್ರೂ ಬಿಗಿ. ಉಳಿದದ್ದು ಒಳಗಿನ ಕಸ.

ಗೆಳೆಯ ತಲೆ ಚಚ್ಚಿಕೊಂಡ. "ಹುಚ್ಚ ಹಿಡದೈತೇನಲೇ? ನೀರ ಸೋರಿದ್ರ ಗ್ರಾಫಿಕ್ಸ್ ಕಾರ್ಡ್ ಹೊಕ್ಕೈತಿ!" ಅಂದ. ಹೇಗೂ ಎಸೆಯುವ ಕೂಲರ್, ಬಿಚ್ಚಿದರೆ ಏನು ನಷ್ಟ ಅಂತ ನಾನು.

ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಸ್ಟಾರ್ ಬಿಟ್ ಸಾಕಾಯ್ತು. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಪ್ಲೇಟ್ ಎತ್ತಿದರೆ ಒಳಗೆ ನೀರು ಹರಿಯುವ ಸಣ್ಣ ಗೆರೆಗಳೇ ಕಾಣುತ್ತಿರಲಿಲ್ಲ. ಹಸಿರು-ಬಿಳಿ ಲೋಳೆ, ಆರಿದ ಅಂಬಲಿ ಹಾಗೆ ಹೆಪ್ಪುಗಟ್ಟಿತ್ತು. ಲೋಟಕ್ಕೆ ಸುರಿದ ನೀರೂ ಕಮ್ಮಿ ಇತ್ತು. ರಬ್ಬರ್ ಪೈಪಿನಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ. ಮೇಲೆ ಕೂತ ರೇಡಿಯೇಟರ್‌ನಲ್ಲಿ ಬರುತ್ತಿದ್ದ ಗಳಗಳ ಸದ್ದಿಗೂ ಅದೇ ಕಾರಣ.

ಪ್ಲೇಟನ್ನು ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಹಳೇ ಟೂತ್‌ಬ್ರಷ್‌ನಿಂದ ಗೆರೆಯ ಉದ್ದಕ್ಕೇ ಉಜ್ಜಿದೆ. ಅಡ್ಡ ಉಜ್ಜಿದರೆ ಗೆರೆ ಬಾಗುತ್ತವೆ. ರೇಡಿಯೇಟರ್ ಅಲ್ಯೂಮಿನಿಯಂದು, ಅದಕ್ಕೆ ವಿನೆಗರ್ ತೋರಿಸಲೇಬೇಡಿ. ಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಹಾಕಿ ಕುಲುಕಿ ಚೆಲ್ಲುವುದು, ಕಸ ಬರುವುದು ನಿಲ್ಲುವವರೆಗೆ. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ನೂರರ ಆಸುಪಾಸು.

ತುಂಬುವಾಗ ಬರೀ ನೀರು ಆಗಲ್ಲ. ತಾಮ್ರ, ಅಲ್ಯೂಮಿನಿಯಂ ಎರಡೂ ಒಂದೇ ನೀರಲ್ಲಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ತುಕ್ಕು ತಡೆಯುವ ಕೂಲಂಟ್ ಬೇಕೇ ಬೇಕು. ನಾನು ಯಾವುದನ್ನು ಎಷ್ಟು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಗಾಳಿ ಒಂದು ಗುಳ್ಳೆಯೂ ಉಳಿಯದ ಹಾಗೆ ಮುಚ್ಚುವ ಉಪಾಯವೂ ಅಷ್ಟೇ. ಒಂದು ಪ್ಲಾಸ್ಟಿಕ್ ಟಬ್ ಬೇಕು, ಇಷ್ಟು ಹೇಳಬಲ್ಲೆ.

ಆಮೇಲೆ ಕೂಲರನ್ನು ಕ್ಯಾಬಿನೆಟ್ ಹೊರಗೇ ಪೇಪರ್ ಮೇಲಿಟ್ಟು, ಹಳೇ ರೂಟರ್‌ನ 12 ವೋಲ್ಟ್ ಅಡಾಪ್ಟರ್‌ಗೆ ಪಂಪ್ ಜೋಡಿಸಿ ರಾತ್ರಿಯಿಡೀ ಓಡಿಸಿದೆ. ಪೇಪರ್ ಒಣಗಿಯೇ ಇತ್ತು.

ಈ ನಡುವೆ ಇನ್ನೊಂದು ಆಟವನ್ನೂ ಆಡಿ ನೋಡಿದ್ದೆ. ಮನೆಯಲ್ಲಿ ಬಳಸುವ, ನೀರು ತುಂಬುವ ಏರ್ ಕೂಲರ್ ತಂದು ಕ್ಯಾಬಿನೆಟ್ ಮುಂದೆ ಇಟ್ಟೆ. ಐದಾರು ಡಿಗ್ರಿ ಇಳಿಯಿತು, ಖುಷಿಯಾಯ್ತು. ಆದರೆ ನಮ್ಮ ಬೋರ್ ನೀರು ಸವಳು. ಸ್ವಲ್ಪ ದಿನದಲ್ಲಿ ಫ್ಯಾನ್ ರೆಕ್ಕೆ ಮೇಲೆ ಬಿಳಿ ಪುಡಿ ಕೂತಿತು, ಯುಎಸ್‌ಬಿ ಪೋರ್ಟ್ ಹಸಿರಾಗತೊಡಗಿತು. ಯಾರೂ ಮಾಡಬೇಡಿ. ಅದಕ್ಕಿಂತ ಮುಂದಿನ ಗಾಜಿನ ಪ್ಯಾನೆಲ್ ತೆಗೆದು ಸೊಳ್ಳೆ ಜಾಲರಿ ಹೊಡೆದದ್ದೇ ಲಾಭ. ಕರಿಮಣ್ಣಿನ ಧೂಳೂ ಹೊರಗೆ ಉಳಿಯುತ್ತದೆ.

ಕೊನೆಗೆ ಬಯೋಸ್. ಈ ಪ್ರೊಸೆಸರ್‌ಗೆ ಟರ್ಬೋದಲ್ಲಿ (ಜೋರಾಗಿ ಓಡುವಾಗ) 190 ವ್ಯಾಟ್ ಮಿತಿ ಇದೆ, ಆದರೆ ನನ್ನ ಬೋರ್ಡ್ ಮಿತಿಯನ್ನೇ ತೆಗೆದಿಟ್ಟಿತ್ತು. 140ಕ್ಕೆ ಕಟ್ಟಿದೆ. ಇಪ್ಪತ್ತು ನಿಮಿಷದ ರೆಂಡರ್ ಈಗ ಇಪ್ಪತ್ತೊಂದು-ಇಪ್ಪತ್ತೆರಡು ತಗೊಳ್ಳುತ್ತೆ. ಗೇಮ್‌ನಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ. ಪಂಪನ್ನು ಮಾತ್ರ ಯಾವಾಗಲೂ ಪೂರ್ತಿ ಸ್ಪೀಡಲ್ಲೇ ಬಿಟ್ಟಿದ್ದೇನೆ.

ಸಂಜೆ ರೂಮ್ 37 ಇದ್ದಾಗ ಈಗ ಸುಮ್ನೆ ಇದ್ದರೆ 45, ಗೇಮ್‌ನಲ್ಲಿ 75-78. ಪೇಸ್ಟ್, ಫ್ಯಾನ್ ಬಿಟ್ಟರೆ ರಿಪೇರಿಗೆ ಖರ್ಚಾದದ್ದು ಸುಮಾರು ಏಳು ನೂರು. 360 ಹಾಕ್ರಿ ಅಂದಿದ್ದ ಅಂಗಡಿಯವರೇ ಮೊನ್ನೆ ಒಂದು ಕೂಲರ್ ಕಳಿಸಿದ್ದರು. ಸಾವಿರದ ಇನ್ನೂರು ತಗೊಂಡೆ, ಟಬ್ ಕೆಲಸದ ಹೊತ್ತಿಗೆ ಅವರ ಹುಡುಗನನ್ನು ಚಹಾ ತರಲು ಕಳಿಸಿದೆ.