ಸಾಂಕ್ರಾಮಿಕ ಬಂದಾಗ ತಾಲ್ಲೂಕು ಕಚೇರಿ ಬಾಗಿಲು ಹಾಕದಂತೆ ನಡೆಸುವುದು ಹೇಗೆ

ಮೊದಲ ಕೆಲಸ, ಬೀರು ಸರಿಸುವುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳೆಯ ಕಚೇರಿಗಳಲ್ಲಿ ಕಿಟಕಿಗೇನೂ ಬರವಿಲ್ಲ. ಆದರೆ ಅವುಗಳಿಗೆ ಅಡ್ಡಲಾಗಿ ಕಡತದ ಬೀರು ನಿಂತಿರುತ್ತದೆ, ಚಿಲಕಕ್ಕೆ ಬಣ್ಣ ಮೆತ್ತಿಕೊಂಡು ವರ್ಷಗಟ್ಟಲೆ ತೆರೆದೇ ಇರುವುದಿಲ್ಲ. ಕೋವಿಡ್‌ನಂಥ ಉಸಿರಿನ ರೋಗ ಹೆಚ್ಚಾಗಿ ಹರಡುವುದು ಮುಚ್ಚಿದ ಕೋಣೆಯ ಗಾಳಿಯಲ್ಲಿ. 2020ರಲ್ಲಿ ಗೋಡೆಗೆ, ನೆಲಕ್ಕೆ ದ್ರಾವಣ ಸಿಂಪಡಿಸಲು ಪಟ್ಟ ಶ್ರಮದ ಅರ್ಧದಷ್ಟು ಕಿಟಕಿಗಳಿಗೆ ಸಂದಿದ್ದರೂ ಹೆಚ್ಚು ಉಪಯೋಗವಾಗುತ್ತಿತ್ತು.

ಚಿಲಕಕ್ಕೆ ಎಣ್ಣೆ ಬಿಟ್ಟು, ಎದುರುಬದುರಿನ ಎರಡು ಕಿಟಕಿಗಳನ್ನಾದರೂ ತೆರೆಯಿರಿ. ಸೊಳ್ಳೆ ಜಾಲರಿಗೆ ಧೂಳು ಕಟ್ಟಿದ್ದರೆ ಗಾಳಿ ನುಸುಳುವುದಿಲ್ಲ, ಬಿಚ್ಚಿ ತೊಳೆಯಿರಿ. ಆಮೇಲೆ ಒಂದು ಊದಿನಕಡ್ಡಿ ಹಚ್ಚಿ, ಕಡತಗಳಿಂದ ದೂರದಲ್ಲಿ, ಸಿಬ್ಬಂದಿ ಕೂರುವ ಜಾಗದಲ್ಲಿ ಎದೆಮಟ್ಟಕ್ಕೆ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಿ ಅಲ್ಲೇ ಸುರುಳಿ ಸುತ್ತಿದರೆ ಗಾಳಿ ನಿಂತಿದೆ. ಒಂದು ಕಡೆಗೆ ವಾಲಿ ಹೋದರೆ ಗಾಳಿ ಆಡುತ್ತಿದೆ, ಯಾವ ದಿಕ್ಕಿಗೆ ಎಂಬುದೂ ಆಗಲೇ ಗೊತ್ತಾಗುತ್ತದೆ. ಗಾಳಿ ಸಿಬ್ಬಂದಿಯ ಬೆನ್ನ ಕಡೆಯಿಂದ ಬಂದು, ಜನ ನಿಂತ ಕಡೆಯಿಂದ ಹೊರಕ್ಕೆ ಹೋಗಬೇಕು. ಉಲ್ಟಾ ಆದರೆ ದಿನಕ್ಕೆ ನೂರು ಜನರ ಉಸಿರು ಒಬ್ಬ ಕೇಸ್ ವರ್ಕರ್‌ನ ಮುಖಕ್ಕೆ ಬಡಿಯುತ್ತದೆ.

ದಿಕ್ಕು ಸರಿಮಾಡಲು ಎಕ್ಸಾಸ್ಟ್ ಫ್ಯಾನನ್ನು ಜನ ನಿಲ್ಲುವ ಬದಿಯ ಗೋಡೆಗೆ ಹಾಕಿಸಿ. ಎಷ್ಟು ದೊಡ್ಡದು ಬೇಕೆಂಬ ಲೆಕ್ಕ ಸುಲಭ. 20 ಅಡಿ ಉದ್ದ, 15 ಅಡಿ ಅಗಲ, 12 ಅಡಿ ಎತ್ತರದ ಕೋಣೆ ಎಂದರೆ 3600 ಘನ ಅಡಿ, ಅಂದರೆ ಸುಮಾರು 102 ಘನ ಮೀಟರ್. ಕೋಣೆಯ ಗಾಳಿ ಗಂಟೆಗೆ ಕನಿಷ್ಠ 5 ಸಲವಾದರೂ ಬದಲಾಗಲಿ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದ ಗುರಿ. ಹಾಗಾದರೆ ಗಂಟೆಗೆ 510 ಘನ ಮೀಟರ್ ಹೊರಕ್ಕೆ ಹೋಗಬೇಕು. ಫ್ಯಾನಿನ ಡಬ್ಬದ ಮೇಲೆ ಈ ಅಂಕಿ ಇರುತ್ತದೆ. ಜಾಲರಿ, ಧೂಳಿಗೆ ಒಂದಿಷ್ಟು ಕಳೆದುಹೋಗುವುದರಿಂದ ಹೆಚ್ಚಿನದನ್ನೇ ಕೊಳ್ಳಿ. ಅದಕ್ಕೆ ಅನುದಾನ ಬರುವತನಕ ಒಂದು ಪೆಡೆಸ್ಟಲ್ ಫ್ಯಾನನ್ನು ಕಿಟಕಿಗೆ ಮುಖಮಾಡಿ ಇಟ್ಟರೂ ನಡೆಯುತ್ತದೆ. ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ತಿರುಗಿಸಿದರೆ ಇದ್ದ ಗಾಳಿಯೇ ಸುತ್ತುತ್ತದೆ, ಹೊಸದು ಬರುವುದಿಲ್ಲ. ಸ್ಪ್ಲಿಟ್ ಎಸಿಯೂ ಹಾಗೆಯೇ, ಅದು ಹೊರಗಿನ ಗಾಳಿ ತರುವುದಿಲ್ಲ. ಹಾಕಲೇಬೇಕಾದರೆ 24 ಡಿಗ್ರಿಗಿಂತ ಕೆಳಗೆ ಇಳಿಸದೆ, ಕಿಟಕಿ ಒಂದಿಷ್ಟು ತೆರೆದಿಡಿ.

ಕೌಂಟರಿನ ಅಕ್ರಿಲಿಕ್ ಹಲಗೆಯ ವಿಚಾರದಲ್ಲಿ ಎಚ್ಚರ ಬೇಕು. ಕೆಳಗೆ ಕಾಗದ ಕೊಡಲು ಆರು ಇಂಚು ಸಂದಿ ಬಿಡುತ್ತಾರೆ. ಹಲಗೆಯಾಚೆ ಮಾತು ಕೇಳುವುದಿಲ್ಲವೆಂದು ಅರ್ಜಿದಾರರು ಬಗ್ಗಿ, ಮಾಸ್ಕ್ ಗಲ್ಲಕ್ಕೆ ಇಳಿಸಿ, ಅದೇ ಸಂದಿಗೆ ಬಾಯಿಟ್ಟು ಮಾತಾಡುತ್ತಾರೆ. ಆಗ ಹಲಗೆ ಇದ್ದೂ ಇಲ್ಲದಂತೆ. ಸಂದಿಯನ್ನು ಎರಡು ಇಂಚಿಗೆ ಇಳಿಸಿ, ಪಕ್ಕಕ್ಕೆ ಸರಿಸಿ. ಮಾತಿಗೆ ಒಂದು ಸಣ್ಣ ಮೈಕ್-ಸ್ಪೀಕರ್ ಇಡಿ. ಇಡೀ ಕೋಣೆಗೆ ಪ್ಲಾಸ್ಟಿಕ್ ಪರದೆ ಇಳಿಬಿಡಬೇಡಿ, ಗಾಳಿಯ ದಾರಿ ಅದೇ ಕಟ್ಟುತ್ತದೆ.

ಪಾಳಿ ಹಾಕುವ ಬಗೆ

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಗ್ರೂಪ್ ಬಿ ಮತ್ತು ಸಿ ನೌಕರರಲ್ಲಿ ದಿನಕ್ಕೆ ಶೇ 50ರಷ್ಟು ಜನ ಮಾತ್ರ ಬರುವಂತೆ, 9ಕ್ಕೆ, 9.30ಕ್ಕೆ, 10ಕ್ಕೆ ಎಂದು ಮೂರು ಹೊತ್ತಿನಲ್ಲಿ ಕೆಲಸ ಶುರುವಾಗುವಂತೆ ಆದೇಶಿಸಿತ್ತು. ಇಂಥ ಆದೇಶ ಬಂದಾಗ ಬಹಳ ಕಚೇರಿಗಳು ಮಾಡುವ ತಪ್ಪು ಒಂದೇ: ಇವತ್ತು ಇವರು, ನಾಳೆ ಅವರು ಎಂದು ದಿನ ಬಿಟ್ಟು ದಿನ ಕರೆಸುವುದು, ನಡುವೆ ಒಬ್ಬಿಬ್ಬರನ್ನು ಅದಲುಬದಲು ಮಾಡುವುದು. ಹೀಗಾದರೆ ಹದಿನೈದು ದಿನದಲ್ಲಿ ಎಲ್ಲರೂ ಎಲ್ಲರೊಂದಿಗೆ ಕೂತಿರುತ್ತಾರೆ. ಸಿಬ್ಬಂದಿಯನ್ನು ಗಟ್ಟಿಯಾಗಿ ಎರಡು ತಂಡ ಮಾಡಿ, ವಾರಕ್ಕೊಂದು ತಂಡ ಕರೆಸಿ. ಕೋವಿಡ್‌ನಲ್ಲಿ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಮೊದಮೊದಲು ಸರಾಸರಿ 5–6 ದಿನ ಹಿಡಿಯುತ್ತಿತ್ತು. ಕೆಲಸದ ವಾರದಲ್ಲಿ ಅಂಟಿದ್ದು ಮನೆಯ ವಾರದಲ್ಲಿ ಹೊರಬೀಳುತ್ತದೆ.

ತಂಡ ಮಾಡುವಾಗ ಹೆಸರನ್ನು ಹಾಜರಾತಿ ಪುಸ್ತಕದ ಕ್ರಮದಲ್ಲಿ ಅರ್ಧಕ್ಕೆ ಕತ್ತರಿಸಬೇಡಿ. ಮೊದಲು ಲಾಗಿನ್ ನೋಡಿ. ಜಮೀನು ದಾಖಲೆಯ ‘ಭೂಮಿ’ ತಂತ್ರಾಂಶದಲ್ಲಿ ಮ್ಯುಟೇಶನ್ (ಹಕ್ಕು ಬದಲಾವಣೆ) ಅನುಮೋದಿಸುವವರು, ಸರ್ಕಾರಿ ಖಜಾನೆಯ ತಂತ್ರಾಂಶ ಖಜಾನೆ-2ರಲ್ಲಿ ಬಿಲ್ಲು ಮಾಡುವವರು, ಡಿಜಿಟಲ್ ಸಹಿಗೆ ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಇರುವವರು ಒಂದೇ ತಂಡದಲ್ಲಿ ಬಿದ್ದು ಆ ತಂಡಕ್ಕೇ ಜ್ವರ ಬಂದರೆ, ಕಚೇರಿ ತೆರೆದಿದ್ದರೂ ಪಹಣಿ ತಿದ್ದುಪಡಿಯಾಗುವುದಿಲ್ಲ, ಸಂಬಳದ ಬಿಲ್ಲು ಹೋಗುವುದಿಲ್ಲ. ಎರಡನೆಯವರಿಗೆ ಲಾಗಿನ್ ಕೊಡಿಸಲು, ಪ್ರಭಾರದ ಆದೇಶ ಮಾಡಿಸಲು ಜಿಲ್ಲಾ ಕಚೇರಿಗೆ ಈಗಲೇ ಪತ್ರ ಬರೆಯಿರಿ. ಆಪತ್ತಿಗಾಯಿತು ಎಂದು ಡಾಂಗಲ್, ಪಾಸ್‌ವರ್ಡ್ ಕೈಬದಲಿಸಿದರೆ ಮುಂದೆ ತನಿಖೆ ಎದುರಿಸಬೇಕಾದವರು ಡಾಂಗಲ್ ಯಾರ ಹೆಸರಿನಲ್ಲಿದೆಯೋ ಅವರೇ.

ಎರಡನೆಯದು ಪ್ರಯಾಣ. ಬೆಂಗಳೂರಿನಿಂದ ತುಮಕೂರಿಗೆ, ಬಂಗಾರಪೇಟೆಗೆ ಒಂದೇ ರೈಲಿನಲ್ಲಿ, ಒಂದೇ ಬೋಗಿಯಲ್ಲಿ ಬರುವವರಿದ್ದಾರೆ. ಒಂದೇ ಕಾರಿನಲ್ಲಿ ಪೆಟ್ರೋಲ್ ಖರ್ಚು ಹಂಚಿಕೊಂಡು ಬರುವವರಿದ್ದಾರೆ. ಒಟ್ಟಿಗೆ ಬರುವವರು ಒಂದೇ ತಂಡದಲ್ಲಿರಲಿ. ದಾರಿಯಲ್ಲಿ ಒಂದಾದವರನ್ನು ಕಚೇರಿಯಲ್ಲಿ ಬೇರೆ ಮಾಡಿ ಫಲವಿಲ್ಲ.

ಗರ್ಭಿಣಿಯರು, ಅಂಗವಿಕಲರು, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಕೌಂಟರಿಗೆ ಬೇಡ. ಇ-ಆಫೀಸ್ ಕಡತ, ಪತ್ರದ ಕರಡು, ಅರ್ಜಿದಾರರಿಗೆ ಫೋನ್ ಮಾಡುವ ಕೆಲಸ ಮನೆಯಿಂದಲೇ ಆಗುತ್ತದೆ. ಯಾರಿಗೆ ಯಾವ ಕಾಯಿಲೆ ಎಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ ಕಚೇರಿ ಮುಖ್ಯಸ್ಥರ ಬಳಿ ಮಾತ್ರ ಇರಲಿ, ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಿರಲಿ. ಮೂಲ ದಾಖಲೆ ಮಾತ್ರ ರೆಕಾರ್ಡ್ ರೂಮಿನಿಂದ ಯಾರ ಮನೆಗೂ ಹೋಗಬಾರದು. ಸ್ಕ್ಯಾನ್ ಮಾಡಿ ಕಳಿಸಿ.

ಇದೆಲ್ಲ ಲಿಖಿತ ಕಚೇರಿ ಆದೇಶದಲ್ಲಿರಬೇಕು. ಮನೆಯಲ್ಲಿರುವ ವಾರವೂ ಕರ್ತವ್ಯವೇ, ರಜೆಯಲ್ಲ ಎಂಬ ಸಾಲು ಅದರಲ್ಲಿ ತಪ್ಪದೆ ಇರಲಿ. ವಾರದ ಕೊನೆಯ ಕೆಲಸದ ದಿನ ಬಾಕಿಯನ್ನು ವಹಿಯಲ್ಲಿ ಬರೆದಿಟ್ಟು ಫೋನಿನಲ್ಲಿ ಒಪ್ಪಿಸಿ. ಎರಡನೇ, ನಾಲ್ಕನೇ ಶನಿವಾರ ರಜೆಯಾದ್ದರಿಂದ ಆ ವಾರಗಳಲ್ಲಿ ಇದು ಶುಕ್ರವಾರವೇ ಆಗಬೇಕು. ಎರಡು ತಂಡ ಮುಖಾಮುಖಿ ಕೂಡಬಾರದು.

ಜನ, ಬೆರಳು, ಊಟ

ಒಳಗೆ ಆರಡಿಗೊಂದು ವೃತ್ತ ಬರೆದರೂ ನೂಕುನುಗ್ಗಲು ಗೇಟಿನಲ್ಲೇ ಆಗುತ್ತದೆ. ಅರ್ಧ ಗಂಟೆಗೆ 8 ಟೋಕನ್ ಎಂದು ಹೊತ್ತು ಬರೆದು ಕೊಡಿ. ಕಾಯುವವರಿಗೆ ನಾಲ್ಕೂ ಕಡೆ ತೆರೆದ ಶಾಮಿಯಾನ ಹಾಕಿಸಿ. ಪಹಣಿಯಂತೆ ಆನ್‌ಲೈನಿನಲ್ಲಿ ಸಿಗುವ ಕೆಲಸಗಳ ಬೋರ್ಡನ್ನು ಗೇಟಿಗೇ ಕಟ್ಟಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಕಡೆ ತೆಲುಗಿನಲ್ಲೂ ಒಂದು ಬೋರ್ಡು ಇರಲಿ, ಮೈಕಿನಲ್ಲಿ ತೆಲುಗಿನಲ್ಲೂ ಕೂಗಿಸಿ.

ಸಿಬ್ಬಂದಿಗೆ ಬಯೋಮೆಟ್ರಿಕ್ ನಿಲ್ಲಿಸಿ ಪುಸ್ತಕದಲ್ಲಿ ಸಹಿ ಹಾಕಿಸಿ. ಜನರ ಬೆರಳಚ್ಚು ಬೇಕೇ ಆದ ಕಡೆ ಸೆನ್ಸರಿಗೆ ಸ್ಯಾನಿಟೈಸರ್ ಸುರಿಯಬೇಡಿ. ಶೇ 70ರ ಆಲ್ಕೋಹಾಲ್‌ನಲ್ಲಿ ಬಟ್ಟೆಯ ತುದಿ ಮಾತ್ರ ನೆನೆಸಿ ಒರೆಸಿ. ಕೈ ಒದ್ದೆಯಿದ್ದರೆ ಅಚ್ಚು ಮೂಡುವುದಿಲ್ಲ. ಶಿಡ್ಲಘಟ್ಟದಲ್ಲಿ ಬಿಸಿನೀರಿನಲ್ಲಿ ರೇಷ್ಮೆಗೂಡು ಬಿಚ್ಚುವವರ ಬೆರಳ ಗೆರೆ ಸವೆದಿರುತ್ತದೆ. ಅವರನ್ನು ಹತ್ತು ಸಲ ಒತ್ತಿಸುತ್ತ ಕೌಂಟರಿನಲ್ಲಿ ನಿಲ್ಲಿಸುವ ಬದಲು ಒಟಿಪಿ ಅಥವಾ ಕಣ್ಣಿನ ಗುರುತಿಗೆ ಹೋಗಿ.

ದಿನವಿಡೀ ಮಾಸ್ಕ್ ಹಾಕಿದವರು ಒಂದೂವರೆಗೆ ಒಂದೇ ಮೇಜಿನ ಸುತ್ತ ಡಬ್ಬಿ ಬಿಚ್ಚಿ ಪಲ್ಯ ಹಂಚಿಕೊಳ್ಳುತ್ತಾರೆ. ಕಚೇರಿಯಲ್ಲಿ ಅತಿ ಅಪಾಯದ ಅರ್ಧ ಗಂಟೆ ಅದೇ. ಹಂಚಿ ತಿನ್ನುವ ಪ್ರೀತಿಯನ್ನು ಕೆಲವು ತಿಂಗಳು ತಡೆದುಕೊಳ್ಳಬೇಕು: ಇಬ್ಬಿಬ್ಬರಂತೆ, ಬೇರೆ ಹೊತ್ತಿಗೆ, ಜಗಲಿಯಲ್ಲಿ ಊಟ.

ಒರೆಸುವ ದ್ರಾವಣ

ಜನ ಮುಟ್ಟುವ ಮೇಜು, ಹಿಡಿಕೆಗೆ ಶೇ 1ರ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸಾಕು. ಅಂಗಡಿಯ ಶೇ 5ರದ್ದಾದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಶೇ 10ರದ್ದಾದರೆ ಒಂಬತ್ತು ಲೋಟ. ಶೇ 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 30 ಗ್ರಾಂ. ದಿನಾ ಹೊಸದಾಗಿ ಕಲಸಿ, ಬಿಸಿಲಿಗಿಡಬೇಡಿ. ಹಾಗಿಟ್ಟರೆ ಸತ್ವ ಹೋಗುತ್ತದೆ. ಒರೆಸಿ 10 ನಿಮಿಷ ಬಿಟ್ಟು, ಕಬ್ಬಿಣದ ಬೀರನ್ನು ತುಕ್ಕು ಹಿಡಿಯದಂತೆ ನೀರಿನಲ್ಲಿ ಮತ್ತೆ ಒರೆಸಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಸೇರಿಸಲೇಬಾರದು, ಕ್ಲೋರಿನ್ ಅನಿಲ ಎದ್ದು ಶ್ವಾಸಕೋಶಕ್ಕೇ ಪೆಟ್ಟು. ಈ ಮಾತನ್ನು ಸ್ವಚ್ಛತೆಯವರಿಗೆ ಬಾಯಲ್ಲಿ ಹೇಳಿ, ರಬ್ಬರ್ ಗ್ಲೌಸ್ ಕೈಗೆ ಕೊಟ್ಟೇ ಕೆಲಸ ಹೇಳಿ. ಮನುಷ್ಯರ ಮೇಲೆ ಸಿಂಪಡಿಸುವುದು ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲೇ ಹೇಳಿದೆ.

ಒಬ್ಬರಿಗೆ ಸೋಂಕು ಗೊತ್ತಾದರೆ

ಮನೆಗೆ ಕಳಿಸಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿ. ಲಕ್ಷಣ ಕಾಣುವ ಎರಡು ದಿನ ಮೊದಲಿನಿಂದ ಅವರ ಜೊತೆ ಆರಡಿಯೊಳಗೆ ಒಟ್ಟು 15 ನಿಮಿಷ ಕಳೆದವರ ಪಟ್ಟಿ ಮಾಡಿ. ಆ ಕೋಣೆಯ ಕಿಟಕಿ ತೆರೆದು ಕೆಲವು ಗಂಟೆ ಬಿಟ್ಟು ಒರೆಸಿ. ಮೂರು ದಿನ ಬೀಗ ಹಾಕಬೇಕಿಲ್ಲ. ಇನ್ನೊಂದು ತಂಡ ಮರುದಿನ ಬರಲಿ, ಅದಕ್ಕೇ ಅಲ್ಲವೇ ಅದು ಇದ್ದದ್ದು.

ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುವವರು ಹೆಚ್ಚಾಗಿ ಹೊರಗುತ್ತಿಗೆಯ ಡೇಟಾ ಎಂಟ್ರಿಯವರು, ಸ್ವಚ್ಛತೆಯವರು. ಒಂದು ದಿನ ಬಾರದಿದ್ದರೆ ಅವರ ಕೂಲಿ ಕಟ್. ಪ್ರತ್ಯೇಕವಾಗಿದ್ದ ದಿನಗಳನ್ನು ಹಾಜರಿ ಎಂದೇ ಪರಿಗಣಿಸಬೇಕೆಂದು ಏಜೆನ್ಸಿಗೆ ಪತ್ರ ಬರೆದು, ಜಿಲ್ಲಾಧಿಕಾರಿ ಕಚೇರಿಗೆ ಪ್ರತಿ ಹಾಕಿ, ಅದನ್ನು ಆ ನೌಕರರಿಗೆ ಓದಿ ಹೇಳಿ. ಮೊದಲ ಜ್ವರ ಬರುವ ಮುಂಚೆಯೇ ಈ ಪತ್ರ ಹೋಗಿರಲಿ.