ಹುಳುವಿನ ಮಾತ್ರೆಯ ಜೊತೆಗೆ ಪ್ರೋಟೀನ್: ಏಕೆ ಬೇಕು, ಹೇಗೆ ಕೊಡಬೇಕು?

ಜಂತುಹುಳುವಿನ ಮಾತ್ರೆ ಕೊಟ್ಟ ಕೆಲವೇ ತಿಂಗಳಲ್ಲಿ ಮಗುವಿನ ಹೊಟ್ಟೆಯಲ್ಲಿ ಮತ್ತೆ ಹುಳು ಕಾಣಿಸಿಕೊಂಡರೆ ಹೆಚ್ಚಿನವರು ಮಾತ್ರೆಯನ್ನೇ ದೂರುತ್ತಾರೆ. ಆದರೆ ಮಾತ್ರೆಯ ಕೆಲಸ ಅಂದು ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುವುದಷ್ಟೆ. ನಾಳೆ ಒಳಹೊಗುವ ಹುಳುವನ್ನು ಎದುರಿಸಬೇಕಾದದ್ದು ದೇಹವೇ, ಮತ್ತು ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಪ್ರೋಟೀನ್.

ಮೊದಲು ಕರುಳು ತನ್ನನ್ನು ಕಾಯ್ದುಕೊಳ್ಳುವ ಬಗೆಯನ್ನು ತಿಳಿಯಬೇಕು. ಬ್ಯಾಕ್ಟೀರಿಯಾವನ್ನು ಬಿಳಿರಕ್ತಕಣವೊಂದು ನುಂಗಿ ಮುಗಿಸಬಲ್ಲದು. ಗೇಣುದ್ದ ಬೆಳೆಯುವ ದುಂಡುಹುಳುವನ್ನು ಯಾವ ಕಣವೂ ನುಂಗಲಾರದು. ಅದನ್ನು ಹೊರದಬ್ಬಲೆಂದು ಎರಡನೆಯ ಬಗೆಯ ಟಿ-ಸಹಾಯಕ ಕಣಗಳು (ರೋಗನಿರೋಧಕ ಕೆಲಸವನ್ನು ನಿರ್ದೇಶಿಸುವ ಒಂದು ಬಗೆಯ ಬಿಳಿರಕ್ತಕಣಗಳು) ಇಂಟರ್‌ಲ್ಯೂಕಿನ್-4, 5 ಮತ್ತು 13 ಎಂಬ ಸಂದೇಶವಾಹಕಗಳನ್ನು ಸ್ರವಿಸುತ್ತವೆ. ಅವುಗಳ ಸೂಚನೆಯಂತೆ ಕರುಳಿನ ಒಳಪದರ ಹೆಚ್ಚು ಲೋಳೆ ಸುರಿಸುತ್ತದೆ, ಹಳೆಯ ಜೀವಕೋಶಗಳನ್ನು ಬೇಗ ಉದುರಿಸಿ ಹೊಸದನ್ನು ಬೆಳೆಸುತ್ತದೆ, ಹುಳುವಿಗೆ ಅಂಟಿಕೊಳ್ಳುವ ಐಜಿಇ ಎಂಬ ಪ್ರತಿಕಾಯಗಳೂ ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳೂ ಹೆಚ್ಚುತ್ತವೆ. ಸಂದೇಶವಾಹಕ, ಪ್ರತಿಕಾಯ, ಲೋಳೆ, ಹೊಸ ಜೀವಕೋಶ ಇವೆಲ್ಲವನ್ನೂ ಕಟ್ಟಲು ಪ್ರೋಟೀನ್ ಬೇಕೇ ಬೇಕು.

ಕೊರತೆಯಾದರೆ ಏನಾಗುತ್ತದೆ ಎಂಬುದನ್ನು 2000ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದು ಸ್ಪಷ್ಟವಾಗಿ ತೋರಿಸಿತು. ಆಹಾರದಲ್ಲಿ ಶೇ 24ರ ಬದಲು ಕೇವಲ ಶೇ 3ರಷ್ಟು ಪ್ರೋಟೀನ್ ಪಡೆದ ಇಲಿಗಳಲ್ಲಿ ಇಂಟರ್‌ಲ್ಯೂಕಿನ್-4 ಕುಗ್ಗಿತು, ಮತ್ತು ಕರುಳಿನ ಹುಳುಗಳು ಹೆಚ್ಚು ಕಾಲ ಬದುಕುಳಿದವು. ಕುರಿಗಳಲ್ಲಿ ಕಾಣುವುದೂ ಇದೇ: ಈಯುವ ಮತ್ತು ಹಾಲೂಡಿಸುವ ಕಾಲದಲ್ಲಿ ಪ್ರೋಟೀನ್ ಸಾಲದಾದರೆ ದೇಹ ಅದನ್ನು ಮೊದಲು ಹಾಲಿಗೆ ಕೊಡುತ್ತದೆ, ರೋಗನಿರೋಧಕ ಶಕ್ತಿಗೆ ಉಳಿಯುವುದು ಕಡಿಮೆ, ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ಏರುತ್ತವೆ, ಮೇವಿನಲ್ಲಿ ಪ್ರೋಟೀನ್ ಹೆಚ್ಚಿಸಿದರೆ ಇಳಿಯುತ್ತವೆ. ತೀವ್ರ ಕೊರತೆಯಿರುವ ಮಕ್ಕಳಲ್ಲಿ ಟಿ-ಕಣಗಳು ಪಕ್ವವಾಗುವ ಥೈಮಸ್ ಗ್ರಂಥಿಯೇ ಕುಗ್ಗಿಹೋಗುತ್ತದೆ. ಇತ್ತ ಹುಳುಗಳೂ ಸುಮ್ಮನಿರುವುದಿಲ್ಲ. ಅವು ಹಸಿವನ್ನು ಕುಗ್ಗಿಸುತ್ತವೆ, ಕೊಕ್ಕೆಹುಳು ರಕ್ತವನ್ನೇ ಹೀರುತ್ತದೆ, ಹೀಗೆ ಕೊರತೆ ಇನ್ನಷ್ಟು ಆಳವಾಗುತ್ತದೆ.

ಎರಡನೆಯ ಹೆಜ್ಜೆ ಅಳತೆ. 6ರಿಂದ 59 ತಿಂಗಳ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 12.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ ಇದೆಯೆಂದೂ, 11.5ಕ್ಕಿಂತ ಕಡಿಮೆಯಿದ್ದರೆ ಅದು ತೀವ್ರವೆಂದೂ ತಿಳಿಯಬೇಕು. ಎರಡೂ ಪಾದಗಳ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡು ಒತ್ತಿ ತೆಗೆದಾಗ ಗುಳಿ ಹಾಗೆಯೇ ಉಳಿದರೆ ಅದೂ ತೀವ್ರ ಅಪೌಷ್ಟಿಕತೆಯ ಲಕ್ಷಣ. ಅದು ನೀರು ತುಂಬಿದ ಊತ; ಮೈ ತುಂಬಿಕೊಂಡಿದೆ ಎಂದು ಸಮಾಧಾನಪಡಬಾರದು. ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆಯೊಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸೋಂಕು ಮತ್ತು ಉರಿಯೂತಗಳಿಂದಲೂ ಅದರ ಮಟ್ಟ ಇಳಿಯುತ್ತದೆ.

ಮೂರನೆಯ ಹೆಜ್ಜೆ ಚಿಕಿತ್ಸೆ; ಇದರಲ್ಲಿ ತಪ್ಪು ನಡೆಯುವುದು ಹೆಚ್ಚು. ತೀವ್ರವಾಗಿ ಬಳಲಿದ ಮಗುವಿಗೆ ಮನೆಯಲ್ಲೇ ಒಮ್ಮೆಲೇ ಪ್ರೋಟೀನ್ ತುಂಬಿಸಲು ಹೋಗಬಾರದು; ಅದರ ಯಕೃತ್ತು ಆ ಹೊರೆಯನ್ನು ತಾಳಲಾರದು. ಆಸ್ಪತ್ರೆಯ ಚಿಕಿತ್ಸೆಯಲ್ಲಿ ಆರಂಭದ ದಿನಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಮಾತ್ರ ಕೊಟ್ಟು, ಮಗು ಚೇತರಿಸಿಕೊಂಡ ಮೇಲೆ 4ರಿಂದ 6 ಗ್ರಾಂಗೆ ಏರಿಸುತ್ತಾರೆ. ಹುಳುವಿನ ಔಷಧವನ್ನೂ ಮೊದಲ ದಿನವೇ ಕೊಡುವುದಿಲ್ಲ. ಉಳಿದ ಮಕ್ಕಳಿಗೆ ವೈದ್ಯರ ಸಲಹೆಯಂತೆ ಅಲ್ಬೆಂಡಜೋಲ್ ಕೊಡಬಹುದು: ಸಾಮಾನ್ಯವಾಗಿ ಎರಡು ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದವರಿಗೆ ಅದರ ಅರ್ಧ, ಒಂದೇ ಬಾರಿಗೆ.

ನಂತರ ಊಟ. ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುವುದನ್ನು ಪ್ರತಿದಿನವೂ ಕೊಡಬೇಕು, ಜೊತೆಗೆ ಧಾನ್ಯ ಮತ್ತು ಎಣ್ಣೆಯೂ ಸಾಕಷ್ಟಿರಬೇಕು. ಒಟ್ಟು ಶಕ್ತಿ ಸಾಲದಿದ್ದರೆ ದೇಹ ಪ್ರೋಟೀನನ್ನೇ ಉರುವಲಾಗಿ ಸುಟ್ಟುಬಿಡುತ್ತದೆ. ಶೌಚಾಲಯದ ಬಳಕೆ, ಸೋಪಿನಿಂದ ಕೈತೊಳೆಯುವುದು, ಕಾಲಿಗೆ ಚಪ್ಪಲಿ ಇವನ್ನೂ ಬಿಡುವಂತಿಲ್ಲ.

ತಿಂಗಳಿಗೊಮ್ಮೆ ಅದೇ ಟೇಪಿನಿಂದ, ಅದೇ ಎಡತೋಳನ್ನು ಮತ್ತೆ ಅಳೆದು ಬರೆದಿಡಬೇಕು. ಅಳತೆ ಏರದಿದ್ದರೆ ಮತ್ತೊಂದು ಮಾತ್ರೆ ನುಂಗಿಸುವ ಮೊದಲು ಮಗು ಹಿಂದಿನ ಒಂದು ವಾರ ದಿನಕ್ಕೆ ಎಷ್ಟು ಬಾರಿ, ಏನನ್ನು ತಿಂದಿದೆ ಎಂದು ಬರೆದುಕೊಂಡು ವೈದ್ಯರಿಗೆ ತೋರಿಸಬೇಕು.